ನಾನಿಲ್ಲದ ದಿನಗಳ ಐದು ಜಿಬಿ

ಮಾರ್ಚ್ 2, ಸೋಮವಾರ

ಬೆಳಿಗ್ಗೆ ಎಂಟೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿ. ಡಿಸ್ಕಿನಲ್ಲಿ ಜಾಗ ಕಡಿಮೆಯಂತೆ. ನನ್ನ ಕೆಲಸವೆಲ್ಲ ಅಕ್ಷರ, ವಿಚಾರಣಾ ಮಂಡಳಿಯ ಮುಂದೆ ಸಾಕ್ಷಿಗಳು ಆಡಿದ ಮಾತನ್ನು ಕೇಳಿ ಟೈಪ್ ಮಾಡುವುದು. ಇಪ್ಪತ್ತೆರಡು ವರ್ಷ ಟೈಪ್ ಮಾಡಿದ್ದನ್ನು ಒಟ್ಟು ಸೇರಿಸಿದರೂ ಮಗಳ ಫೋನಿನ ಒಂದು ವಾರದ ಫೋಟೋಗಳಿಗೆ ಸಾಟಿಯಾಗದು. ಹಾಗಿರುವಾಗ ಜಾಗವನ್ನು ತಿಂದವರು ಯಾರು? ಉಳಿದಿರುವುದು ಮೂವತ್ತೊಂದು ಜಿಬಿ.

ಬೇರೆ ದಿನವಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಐದೂ ದಿನ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೊಡಿ ಎಂದು ಮಂಡಳಿಗೆ ಅರ್ಜಿ ಹಾಕಿದ್ದೇನೆ. ಸುತ್ತೋಲೆಯ ಪ್ರಕಾರ ಅರ್ಜಿದಾರನ ಲ್ಯಾಪ್‌ಟಾಪಿನಲ್ಲಿ ಅರವತ್ತು ಜಿಬಿ ಖಾಲಿ ಇರಬೇಕು. ಇಪ್ಪತ್ತನೇ ತಾರೀಕು ಕಚೇರಿಯ ಸಿಸ್ಟಮ್ ಆಸಾಮಿ ಮನೆಗೇ ಬಂದು ಪರೀಕ್ಷಿಸುತ್ತಾನೆ. ಪಾಸಾದರೆ ಏಪ್ರಿಲ್ ಒಂದರಿಂದ ನಾನು ಪೂರ್ತಿ ಮನೆಯವನು. ಈಗಿನಂತೆ ಮಂಗಳವಾರ, ಗುರುವಾರ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಆ ತೇವದ ಕೋಣೆಯಲ್ಲಿ ಕೂರುವ ಕರ್ಮ ತಪ್ಪುತ್ತದೆ.

ಮನೆಯವರಿಗೆ ನಿನ್ನೆ ಸುದ್ದಿ ಹೇಳಿದೆ. ಇವಳು, ನನ್ನ ಹೆಂಡತಿ, ‘ಹೂಂ’ ಎಂದಳು. ಸಂತೋಷವನ್ನು ತೋರಿಸಿಕೊಳ್ಳುವ ಜಾಯಮಾನ ಅವಳದಲ್ಲ. ಅತ್ತೆ ‘ಐದೂ ದಿನಾನಾ?’ ಎಂದು ಎರಡೆರಡು ಸಲ ಕೇಳಿದರು. ಕಿವಿ ಮಂದವಾಗುತ್ತಿದೆ, ಪಾಪ. ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರ್ಚ್ 3, ಮಂಗಳವಾರ

ಕಚೇರಿಯಿಂದ ಬಂದು ನೋಡುತ್ತೇನೆ: ಇಪ್ಪತ್ತಾರು! ಬೆಳಿಗ್ಗೆ ಹೊರಡುವಾಗ ಮೂವತ್ತೊಂದಿತ್ತು. ಇಡೀ ದಿನ ಮೇಜಿನ ಮೇಲೆ ಸುಮ್ಮನೆ ಕೂತಿದ್ದ ಯಂತ್ರ ಐದು ಜಿಬಿ ನುಂಗಿ ನೀರು ಕುಡಿದಿದೆ. ಅದನ್ನು ನಾನು ಆರಿಸುವುದಿಲ್ಲ ನಿಜ. ಆರಿಸಿದರೆ ಮತ್ತೆ ಎದ್ದು ಕೂರಲು ಹದಿನೈದು ನಿಮಿಷ ಮುನಿಸು ತೋರುತ್ತದೆ. ಆದರೂ ಯಾರೂ ಮುಟ್ಟದ ಯಂತ್ರಕ್ಕೆ ಹಸಿವೆ ಎಲ್ಲಿಂದ ಬಂತು?

‘ಲ್ಯಾಪ್‌ಟಾಪ್ ಮುಟ್ಟಿದ್ಯಾ?’ ಎಂದು ಇವಳನ್ನು ಕೇಳಿದೆ. ‘ನನಗ್ಯಾಕೆ ಬೇಕು ಅದು’ ಎಂದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಇವಳು ನೆರೆಹೊರೆಯವರ ಬಟ್ಟೆ ಹೊಲಿದುಕೊಡುತ್ತಾಳೆ, ನಾನು ಮನೆಯಲ್ಲಿಲ್ಲದ ಎರಡು ದಿನ ಮಾತ್ರ. ನಾನಿರುವಾಗ ಹೊಲಿಗೆ ಮೆಷಿನ್ ಮುಟ್ಟಬಾರದೆಂದು ಮೊದಲೇ ತೀರ್ಮಾನವಾಗಿದೆ. ತೀರ್ಮಾನ ಮಾಡಿದ್ದು ನಾನು; ಅವಳೇನೂ ತಕರಾರು ಮಾಡಲಿಲ್ಲ.

ಮಾರ್ಚ್ 4, ಬುಧವಾರ

ಶುಚಿ ಕಾರ್ಯ. ಕಸದ ಬುಟ್ಟಿ ಖಾಲಿ ಮಾಡಿದೆ. ಹಳೆಯ ಅಪ್‌ಡೇಟುಗಳ ಸಿಪ್ಪೆ ತೆಗೆದೆ. ಯಾವ ಕಾಲದಲ್ಲೋ ಹಾಕಿದ್ದ ಚದುರಂಗದ ಆಟವನ್ನು ಕಿತ್ತೆ (ನನ್ನನ್ನು ಒಂದು ಸಲವೂ ಗೆಲ್ಲಲು ಬಿಡದ ಆಟ, ಹೋಗಲಿ). ‘ಇತರೆ’ ಎಂಬ ಫೋಲ್ಡರಿನಲ್ಲಿ ಮಗಳ ಶಾಲಾ ದಿನಗಳ ಫೋಟೋ, ನಾಟಕದ ವಿಡಿಯೋ, ಏನೇನೋ ಇತ್ತು. ಅದನ್ನೂ ಅಳಿಸಿದೆ. ಒಟ್ಟು ಎಂಟು ಜಿಬಿ ಸಿಕ್ಕಿತು. ಸಂಜೆ ಅವಳಿಗೆ ಹೇಳಿದೆ. ‘ಪರವಾಗಿಲ್ಲ ಅಪ್ಪ’ ಎಂದಳು. ಬೇರೆ ಮನೆಯ ಮಕ್ಕಳಾಗಿದ್ದರೆ ರಂಪ ಮಾಡುತ್ತಿದ್ದರು. ನಾನು ಬೆಳೆಸಿದ ರೀತಿ.

ಇಡೀ ದಿನ ನಾನು ಯಂತ್ರದ ಮುಂದೆಯೇ ಇದ್ದರೂ ಇವತ್ತು ಹೋದದ್ದು ಬರೀ ಕಾಲು ಜಿಬಿ. ಕಾವಲಿದ್ದರೆ ಕಳ್ಳ ಬರುವುದಿಲ್ಲ.

ಮಾರ್ಚ್ 6, ಶುಕ್ರವಾರ

ಲೆಕ್ಕ ಸಿಕ್ಕಿತು. ಗುರುವಾರ ಹೋದದ್ದು ಐದೂವರೆ. ಇವತ್ತು ಮತ್ತೆ ಕಾಲು. ಅಂದರೆ ನಾನು ಮನೆಯಲ್ಲಿದ್ದರೆ ಜಾಗ ಹೋಗುವುದಿಲ್ಲ, ಹೊರಗೆ ಕಾಲಿಟ್ಟರೆ ಹೋಗುತ್ತದೆ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ? ಮನೆಯಲ್ಲಿ ಮೂವರು ಹೆಂಗಸರು. ಅವರಲ್ಲಿ ಒಬ್ಬರು ನನ್ನ ಬೆನ್ನ ಹಿಂದೆ ಯಂತ್ರಕ್ಕೆ ಕೈ ಹಾಕುತ್ತಿದ್ದಾರೆ.

ಮಗಳು ಮಧ್ಯಾಹ್ನ ಎರಡಕ್ಕೆ ಕಾಲೇಜಿನಿಂದ ಬರುತ್ತಾಳೆ. ಸಿನಿಮಾ ಇಳಿಸಿಕೊಳ್ಳುತ್ತಿರಬಹುದು. ಇವಳು ಹೊಲಿಗೆಯ ಮಾದರಿಗಳ ವಿಡಿಯೋ ನೋಡುತ್ತಿರಬಹುದು. ಅತ್ತೆಯನ್ನು ಬಿಟ್ಟುಬಿಡಬಹುದು, ಅವರಿಗೆ ಟೀವಿಯ ರಿಮೋಟೇ ಶತ್ರು. ಆದರೂ ಪಟ್ಟಿಯಿಂದ ಹೆಸರು ಹೊಡೆದಿಲ್ಲ. ತನಿಖೆಯಲ್ಲಿ ದಾಕ್ಷಿಣ್ಯ ಸಲ್ಲದು.

ಮಾರ್ಚ್ 8, ಭಾನುವಾರ

ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಕಾಯಿಲೆ ಹೇಳುವ ಮೊದಲೇ ‘ಫಾರ್ಮ್ಯಾಟ್ ಹೊಡೆಯೋಣ’ ಎನ್ನುವ ಡಾಕ್ಟರ್. ನೆಗಡಿ ಎಂದು ಹೋದವರ ತಲೆ ತೆಗೆದರೆ ನೆಗಡಿ ಹೋಗುತ್ತದಲ್ಲ, ಆ ಜಾತಿಯ ವೈದ್ಯ.

ಬೇಡವೆಂದೆ. ಆಮೇಲೆ ಅವನು ಯಂತ್ರದ ಹೊಟ್ಟೆಯನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ಏನನ್ನೋ ಓಡಿಸಿದ. ಎಲ್ಲ ಸೇರಿಸಿದರೆ ನೂರಿಪ್ಪತ್ತು ಜಿಬಿ. ಡಿಸ್ಕು ಹೇಳುವುದು ಇನ್ನೂರಿಪ್ಪತ್ತು. ನಡುವಿನ ನೂರು ಎಲ್ಲಿ?

‘ಸರ್, ಇದು ಬಚ್ಚಿಟ್ಟಿರೋ ಫೋಲ್ಡರ್. ನಿಮ್ಮ ಆಫೀಸಿನ ಸಾಫ್ಟ್‌ವೇರ್ ಏನಾದ್ರೂ ಹಾಕಿದೀರಾ?’

‘ನಮ್ಮ ಕಚೇರಿಯವರಿಗೆ ಪೆನ್ಸಿಲ್ ಬಚ್ಚಿಡೋಕೆ ಬರಲ್ಲ, ಫೋಲ್ಡರ್ ಬಚ್ಚಿಡ್ತಾರಾ?’ ಎಂದೆ.

‘ಹಾಗಾದ್ರೆ ಮನೇಲೇ ಯಾರೋ ಇಟ್ಟಿದಾರೆ’ ಎಂದು ಅವನು ಕಣ್ಣು ಹೊಡೆದ. ಕಣ್ಣು ಹೊಡೆಯುವವರನ್ನು ಕಂಡರೆ ನನಗಾಗದು. ಆದರೆ ಅವನು ಹೇಳಿದ್ದು ಮನಸ್ಸಿಗೆ ನಾಟಿತು. ಬಚ್ಚಿಟ್ಟ ಫೋಲ್ಡರುಗಳನ್ನು ಕಾಣಿಸುವ ಉಪಾಯವನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದೆ.

ಮಾರ್ಚ್ 10, ಮಂಗಳವಾರ

ಚೀಟಿ ಅಂಗಿಯ ಜೇಬಿನಲ್ಲಿತ್ತು, ಅಂಗಿ ಒಗೆಯಲು ಹೋಗಿ ಎರಡೂ ಬಿಳಿಯಾಗಿ ಬಂದವು. ಇರಲಿ. ಬೆಳಿಗ್ಗೆ ಹೊರಡುವ ಮುನ್ನ ಕೀಲಿಗಳ ಮೇಲೆ ಮುಖದ ಪೌಡರನ್ನು ತೆಳ್ಳಗೆ ಉದುರಿಸಿದೆ. ಯಾರು ಮುಟ್ಟಿದರೂ ಬೆರಳಚ್ಚು ಸಮೇತ ಸಿಕ್ಕಿಬೀಳಬೇಕು.

ಸಂಜೆ ಬಂದರೆ ಕೀಲಿಗಳು ಕನ್ನಡಿಯಷ್ಟು ಚೊಕ್ಕ.

‘ಧೂಳು ಕೂತಿತ್ತು ಅಳಿಯಂದ್ರೇ, ಒದ್ದೆ ಬಟ್ಟೇಲಿ ಒರೆಸಿದೆ’ ಎಂದರು ಅತ್ತೆ. ‘ಘಮಘಮ ಅಂತಿತ್ತು ನಿಮ್ಮ ಧೂಳು.’

ಐದು ಜಿಬಿ ಹೋಗಿದೆ.

ಮಾರ್ಚ್ 11, ಬುಧವಾರ

ಊಟದ ಹೊತ್ತಿನಲ್ಲಿ ಮೂವರನ್ನೂ ಕೂರಿಸಿ ಕೇಳಿದೆ. ದನಿ ಏರಿಸಲಿಲ್ಲ. ಯಾರಾದರೂ ಒಪ್ಪಿಕೊಂಡರೆ ಕ್ಷಮಿಸುವುದಾಗಿಯೂ ಹೇಳಿದೆ. ಮೂವರೂ ತಟ್ಟೆ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಸಾಕ್ಷಿಗಳ ಮಾತು ಕೇಳಿದವನು ನಾನು. ಒಬ್ಬ ಸಾಕ್ಷಿ ಸುಮ್ಮನಿದ್ದರೆ ಭಯ. ಮೂವರೂ ಸುಮ್ಮನಿದ್ದರೆ ಒಳಸಂಚು.

ಕೊನೆಗೆ ಮಗಳು ‘ನಿಮ್ಮ ಲ್ಯಾಪ್‌ಟಾಪ್ ನಮಗೆ ಬೇಡ ಅಪ್ಪ’ ಎಂದಳು. ‘ಲ್ಯಾಪ್‌ಟಾಪ್’ ಎನ್ನುವುದಕ್ಕೆ ಸ್ವಲ್ಪ ಮೊದಲು ತಡೆದಳು. ಬೇರೇನೋ ಹೇಳಲು ಹೋಗಿ ನುಂಗಿಕೊಂಡ ತಡೆ ಅದು. ನಾನದನ್ನು ಬಲ್ಲೆ, ಅದಕ್ಕೆ ನಾವು ಮೂರು ಚುಕ್ಕಿ ಹಾಕುತ್ತೇವೆ.

ಮಾರ್ಚ್ 13, ಶುಕ್ರವಾರ

ಡಾಕ್ಟರನಿಂದ ಚೀಟಿಯನ್ನು ಮತ್ತೆ ಬರೆಸಿಕೊಂಡು ಬಂದೆ. ಸಿಕ್ಕಿತು.

ಬಚ್ಚಿಟ್ಟವನು ನಾನೇ.

ಜನವರಿಯಲ್ಲಿ ಮಂಡಳಿಯವರು ಧ್ವನಿಮುದ್ರಣದ ಹೊಸ ಸಾಫ್ಟ್‌ವೇರನ್ನು ಎಲ್ಲ ಪ್ರತಿಲೇಖಕರಿಗೂ ಕೊಟ್ಟಿದ್ದರು. ಯಾರಾದರೂ ಮಾತಾಡಿದರೆ ತಾನೇ ಶುರುವಾಗುತ್ತದೆ, ಮೌನವಾದರೆ ತಾನೇ ತಡೆದು ನಿಲ್ಲುತ್ತದೆ, ಯಾರೂ ಅಳಿಸದಂತೆ ಬಚ್ಚಿಟ್ಟುಕೊಳ್ಳುತ್ತದೆ. ನಾನು ಒಂದು ಭಾನುವಾರ ಮೈಕು ಸಿಕ್ಕಿಸಿ ‘ಒಂದು, ಎರಡು, ಮೂರು’ ಎಂದು ಪರೀಕ್ಷಿಸಿದ್ದೆ. ನಿಲ್ಲಿಸಿರಲಿಲ್ಲ.

ನಿಲ್ಲಿಸುವುದು ನನ್ನ ಕೆಲಸವೇ ಅಲ್ಲ! ಮಂಡಳಿಯ ನಿಯಮ ಅದು: ಮುದ್ರಣ ಶುರು ಮಾಡಿದವನು ನಿಲ್ಲಿಸುವಂತಿಲ್ಲ. ಬೇಕಾದ ಕಡೆ ಕತ್ತರಿಸಿಬಿಟ್ಟಾನು ಎಂಬ ಅನುಮಾನ. ಶುರು ಮಾಡುವುದು ನಾನು, ನಿಲ್ಲಿಸುವುದು ಬಾಗಿಲು ಕಾಯುವ ದಫೇದಾರ, ಪುಸ್ತಕದಲ್ಲಿ ಇಬ್ಬರ ಸಹಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದೇ ಒಂದು ಸಲವೂ ಆ ಕೆಂಪು ಗುಂಡಿ ಒತ್ತಿಲ್ಲ. ಅದು ಎಲ್ಲಿದೆಯೆಂದು ಹುಡುಕಲು ಇವತ್ತು ಹತ್ತು ನಿಮಿಷ ಬೇಕಾಯಿತು. ಹುಡುಕಿದ ಮೇಲೂ ಒತ್ತಲು ಕೈ ಬರಲಿಲ್ಲ.

ಮನೆಯಲ್ಲಿ ನನ್ನ ಕಚೇರಿ ಎಂದರೆ ಹಾಲಿನ ಮೂಲೆ, ನಡುವೆ ಅಡ್ಡವಾಗಿ ಒಂದು ಬೀರು. ಮೈಕಿಗೆ ಬೀರು ಲೆಕ್ಕಕ್ಕಿಲ್ಲ. ಎಂಟು ವಾರ ಈ ಹಾಲಿನಲ್ಲಿ ಆಡಿದ ಮಾತೆಲ್ಲ ತಾರೀಕು, ಗಂಟೆ ಸಮೇತ ಸಾಲಾಗಿ ನಿಂತಿದೆ. ಒಂದು ಗಂಟೆಯ ಮಾತಿಗೆ ಒಂದು ಜಿಬಿ. ನಾಳೆ ಎಲ್ಲ ಅಳಿಸಿದರೆ ಅರವತ್ತಲ್ಲ, ನೂರಿಪ್ಪತ್ತು ಖಾಲಿ. ಗೆದ್ದೆ.

ಮಾರ್ಚ್ 14, ಶನಿವಾರ

ಅಳಿಸುವ ಮೊದಲು ಏನಿದೆಯೆಂದು ಒಂದು ಸಲ ನೋಡುವುದು ವೃತ್ತಿಧರ್ಮ. ಹೆಡ್‌ಫೋನ್ ಹಾಕಿದೆ. ಕಾಲ ಕೆಳಗಿನ ಪೆಡಲ್ ಒತ್ತಿದೆ. ಬೆರಳುಗಳು ತಾವಾಗಿಯೇ ಟೈಪ್ ಮಾಡತೊಡಗಿದವು. ಅಭ್ಯಾಸಬಲ.

ಫೆಬ್ರವರಿ 24, ಮಂಗಳವಾರ, ಮಧ್ಯಾಹ್ನ 3.10.

(ಹೊಲಿಗೆ ಯಂತ್ರದ ಸದ್ದು.)
ಅತ್ತೆ: ಇನ್ನೊಂದ್ಸಲ ಮಾಡೇ.
ಪತ್ನಿ: ಬೇಡಮ್ಮ, ಹೊಲಿಗೆ ತಪ್ಪತ್ತೆ.
ಮಗಳು: ಮಾಡಮ್ಮ, ಪ್ಲೀಸ್.
ಪತ್ನಿ: (ದನಿ ಬದಲಿಸಿ) ‘ಶ್! ಕೇಳಿಸ್ತಾ? ನಾನಿಲ್ಲಿ ಒಬ್ಬ ಮನುಷ್ಯನ ಅಳುವನ್ನ ಟೈಪ್ ಮಾಡ್ತಿದೀನಿ, ನೀವಲ್ಲಿ ಕುಕ್ಕರ್ ಕೂಗಿಸ್ತಿದೀರಿ! ಆ ಕುಕ್ಕರಿಗೇನಾದ್ರೂ ಮನುಷ್ಯತ್ವ ಇದೆಯಾ?’
(ನಗು. ಮೂವರದೂ.)
ಅತ್ತೆ: ಇನ್ನೂ ಸ್ವಲ್ಪ ಮೂಗಿನಿಂದ ಬರಬೇಕು.

ಕುಕ್ಕರಿನ ಮನುಷ್ಯತ್ವದ ಬಗ್ಗೆ ನಾನು ಹಾಗೆ ಹೇಳಿದ್ದು ನಿಜ. ಅದರಲ್ಲಿ ನಗುವಂಥದ್ದು ಏನಿದೆಯೋ ತಿಳಿಯದು.

ಇಲ್ಲಿ ಒಂದು ತೊಡಕು. ‘ಮೂವರದೂ’ ಎಂದು ಟೈಪ್ ಮಾಡಿದೆನಲ್ಲ, ಆ ನಗು ಯಾರಾರದೆಂದು ತಿಳಿಯಲು ನಾಲ್ಕು ಸಲ ಹಿಂದೆ ಓಡಿಸಿ ಕೇಳಬೇಕಾಯಿತು. ಮೂರು ನಗುಗಳಲ್ಲಿ ಅತ್ತೆಯದು ಗೊತ್ತಾಯಿತು, ಮಗಳದು ಗೊತ್ತಾಯಿತು. ಮೂರನೆಯದು ಗುರುತು ಸಿಗಲಿಲ್ಲ. ಪಕ್ಕದ ಮನೆಯವರು ಯಾರೋ ಬಂದಿರಬೇಕೆಂದುಕೊಂಡೆ. ಬಂದಿರಲಿಲ್ಲ.

ನಾನು ಇದನ್ನು ಕೇಳುತ್ತಿದ್ದಾಗ ಹಾಲಿನಲ್ಲಿ ಅವರು ಮೂವರೂ ಇದ್ದರು. ನಾನು ಹೆಡ್‌ಫೋನ್ ಹಾಕಿ ಕೆಲಸ ಮಾಡುತ್ತಿದ್ದೇನೆಂದು ಸದ್ದಿಲ್ಲದೆ ಕಾಳು ಆರಿಸುತ್ತಿದ್ದರು. ಇಡೀ ದಿನ ಕೇಳಿದೆ.

ಮಾರ್ಚ್ 15, ಭಾನುವಾರ

ಅತ್ತೆಗೆ ಹಾಡಲು ಬರುತ್ತದೆ. ಕಿವಿ ಚುರುಕಾಗಿಯೇ ಇದೆ. ಬೀದಿಯ ಆ ತುದಿಯಲ್ಲಿ ನನ್ನ ಚಪ್ಪಲಿ ಸದ್ದನ್ನು ಎಲ್ಲರಿಗಿಂತ ಮೊದಲು ಹಿಡಿದು ‘ಬಂದ್ರು’ ಎನ್ನುವವರು ಅವರೇ. ಆ ‘ಬಂದ್ರು’ ಆದಮೇಲೆ ಮೆಷಿನ್ ಮುಚ್ಚುವ ಸದ್ದು, ಕುರ್ಚಿ ಎಳೆಯುವ ಸದ್ದು, ಆಮೇಲೆ ಏನೂ ಇಲ್ಲ. ಪ್ರತಿ ಮಂಗಳವಾರ, ಗುರುವಾರದ ಮುದ್ರಣವೂ ಅಲ್ಲಿಗೇ ಮುಗಿಯುತ್ತದೆ.

ಮಾರ್ಚ್ 5, ಗುರುವಾರ, ಸಂಜೆ 4.20ರದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮಗಳು: ವಾರದಲ್ಲಿ ಎರಡು ದಿನ ಇದೆಯಲ್ಲ ಅಂತ ಉಳಿದಿದ್ದು ತಡ್ಕೋತಿದ್ದೆ. ಐದೂ ದಿನ ಅಂದ್ರೆ ನನ್ನ ಕೈಲಾಗಲ್ಲ ಅಮ್ಮ. ಹಾಸ್ಟೆಲಿಗೆ ಹೋಗ್ತೀನಿ.
ಪತ್ನಿ: ಹೋಗು. ನನಗೂ ಅಂಥ ಫಾರಂ ಇದ್ದಿದ್ರೆ ತುಂಬ್ತಿದ್ದೆ.
ಮಗಳು: ಮೂವತ್ತಕ್ಕೆ ಕೊನೇ ದಿನ. ಅಪ್ಪನ ಸಹಿ ಬೇಕು.
ಪತ್ನಿ: ಕೇಳು.
ಮಗಳು: ನೀನು ಕೇಳು.
ಅತ್ತೆ: ನಾನು ಕೇಳ್ತೀನಿ. ನನಗೇನು ಭಯ?
ಪತ್ನಿ: ಏನಂತ ಕೇಳ್ತೀಯಮ್ಮ?
ಅತ್ತೆ: (ತಡೆದು) ಟೀ ಬೇಕಾ ಅಂತ.
(ನಗು. ಇಪ್ಪತ್ತು ಸೆಕೆಂಡ್.)

ಮರುದಿನ ಅತ್ತೆ ನನ್ನ ಮೇಜಿನ ಬಳಿ ಬಂದು ಟೀ ಬೇಕಾ ಎಂದು ಕೇಳಿದ್ದರು. ನಾನು ‘ಶ್’ ಎಂದಿದ್ದೆ.

ಮಾರ್ಚ್ 16, ಸೋಮವಾರ

ನಾನು ಮನೆಯಲ್ಲಿದ್ದ ದಿನಗಳದ್ದನ್ನೂ ಕೇಳಿದೆ, ನ್ಯಾಯವಾಗಿರಲಿ ಎಂದು. ಬುಧವಾರ, 4ನೇ ತಾರೀಕು. ಒಟ್ಟು ಹದಿನಾಲ್ಕು ನಿಮಿಷ. ಅದರಲ್ಲಿ ‘ಶ್’ ನಲವತ್ತೊಂದು. ‘ಬಾಗಿಲು’ ಆರು. ‘ಯಾರದು ಸದ್ದು’ ಮೂರು. ಉಳಿದದ್ದು ಊಟಕ್ಕೆ ಕರೆದದ್ದು, ಮತ್ತೆ ಮಗಳ ‘ಪರವಾಗಿಲ್ಲ ಅಪ್ಪ’. ಅದನ್ನು ಹೇಳಿ ಅವಳು ಒಳಗೆ ಹೋದಳೆಂದು ನಾನು ತಿಳಿದಿದ್ದೆ. ಹೋಗಿಲ್ಲ. ಬೀರುವಿನ ಆಚೆಗೆ ನಿಂತು ಮೂಗು ಸೊರಸೊರ ಎಳೆದುಕೊಂಡಿದ್ದಾಳೆ, ಎರಡು ನಿಮಿಷ ಹತ್ತು ಸೆಕೆಂಡ್.

ಅವಳ ಫೋಟೋಗಳಿದ್ದ ಆ ‘ಇತರೆ’ ಫೋಲ್ಡರನ್ನು ಈಗ ವಾಪಸು ತರಲಾಗದಂತೆ. ಡಾಕ್ಟರನನ್ನು ಕೇಳಿದೆ.

ಕೆಂಪು ಗುಂಡಿ ಒತ್ತಿದೆ. ಪುಸ್ತಕದಲ್ಲಿ ಸಹಿ ಹಾಕಲು ದಫೇದಾರನಿರಲಿಲ್ಲ. ಮುದ್ರಣ ನಿಂತಿತು.

ಮಾರ್ಚ್ 17, ಮಂಗಳವಾರ

ಕಚೇರಿಯ ಮೇಲ್ವಿಚಾರಕಿಯ ಬಳಿ ಹೋಗಿ ಅರ್ಜಿ ವಾಪಸು ಕೊಡಿ ಎಂದೆ. ನಾನೇನೋ ಅಶ್ಲೀಲ ಮಾತಾಡಿದಂತೆ ನೋಡಿದರು.

‘ವಾಪಸು ಅಂದ್ರೆ? ನಿಮ್ಮ ಜಾಗ ಆಗಲೇ ಜೆರಾಕ್ಸ್ ಮೆಷಿನ್ನಿಗೆ ಕೊಟ್ಟಾಗಿದೆಯಲ್ಲ.’

ಹೋಗಿ ನೋಡಿದೆ. ನನ್ನ ಮೇಜಿನ ಅರ್ಧಕ್ಕೆ ಜೆರಾಕ್ಸ್ ಮೆಷಿನ್ ಬಂದು ಕೂತಿದೆ. ನನಗೆ ಇಪ್ಪತ್ತೆರಡು ವರ್ಷ ಕೊಡದ ಹೊಸ ಫ್ಯಾನನ್ನು ಅದರ ನೆತ್ತಿಯ ಮೇಲೆ ಹಾಕಿದ್ದಾರೆ. ಬಿಸಿಯಾಗುತ್ತದಂತೆ, ಪಾಪ.

‘ಪರೀಕ್ಷೆಯಲ್ಲಿ ಫೇಲಾದ್ರೆ ಏನ್ಮಾಡ್ತೀರಿ?’ ಎಂದು ಕೇಳಿದೆ.

‘ಫೇಲಾದ್ರೆ ವಿಧಿಯಿಲ್ಲ. ಮೆಷಿನ್ ತೆಗೆಸಬೇಕಾಗತ್ತೆ’ ಎಂದರು, ಬಹಳ ಬೇಸರದಿಂದ.

ಅಷ್ಟು ಸಾಕು. ಮುದ್ರಣ ಒಂದನ್ನೂ ಅಳಿಸುವುದಿಲ್ಲ. ಜಾಗ ಈಗ ಇಪ್ಪತ್ತರ ಸುತ್ತಮುತ್ತ ಇದೆ. ಇಪ್ಪತ್ತನೇ ತಾರೀಕು ಫೇಲಾಗುತ್ತೇನೆ. ಮಗಳು ಫಾರಂ ಹರಿದು ಹಾಕುತ್ತಾಳೆ, ಯಾರೂ ಏನೂ ಕೇಳುವ ಅಗತ್ಯವೇ ಬೀಳುವುದಿಲ್ಲ. ನಾನು ಕದ್ದು ಕೇಳಿದ್ದೂ ನನ್ನಲ್ಲೇ ಉಳಿಯುತ್ತದೆ.

ಮಾರ್ಚ್ 20, ಶುಕ್ರವಾರ

ಸಿಸ್ಟಮ್ ಆಸಾಮಿ ಹನ್ನೊಂದಕ್ಕೆ ಬಂದ. ಕೂತ. ಇವಳು ಕೊಟ್ಟ ಬಿಸ್ಕತ್ತನ್ನೆಲ್ಲ ತಿಂದ. ಜೇಬಿನಿಂದ ಕಾಗದ ತೆಗೆದು ‘ಸರಿ ಇದೆ’ ಎಂದು ಗುರುತು ಹಾಕಿದ.

‘ತೆರೆದು ನೋಡೋಲ್ವಾ?’

‘ನಿಮ್ಮ ಮೇಲೆ ನಂಬಿಕೆ ಇಲ್ವಾ ಸರ್?’

‘ನಂಬಬೇಡಿ. ಜಾಗ ಇಲ್ಲ ಇದರಲ್ಲಿ. ನೋಡಿ, ಇಪ್ಪತ್ತೇ ಜಿಬಿ. ಅರವತ್ತು ಬೇಕು ಅಂತ ಸುತ್ತೋಲೆ ಹೇಳತ್ತೆ.’

‘ಅದು ಸುತ್ತೋಲೆ ಸರ್. ಇದು ಫಾರಂ. ಫಾರಂನಲ್ಲಿ ಲ್ಯಾಪ್‌ಟಾಪ್ ಇದೆಯಾ ಅಂತ ಅಷ್ಟೇ ಕೇಳಿದಾರೆ. ಇದೆಯಲ್ಲ!’

ಯಂತ್ರವನ್ನು ಎತ್ತಿ ಅವನ ಮಡಿಲಿಗೇ ಇಟ್ಟೆ. ‘ಚೆನ್ನಾಗಿದೆ ಸರ್’ ಎಂದು ಮೇಲಿನ ಮುಚ್ಚಳ ಸವರಿ ವಾಪಸು ಕೊಟ್ಟ. ನಾನು ಪಾಸಾದೆ.

ಬೀರುವಿನ ಆಚೆ ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದರು. ಅವನು ಹೋದ ಮೇಲೆ ಇವಳು ಬಂದು ‘ಅಂತೂ ಆಯ್ತಲ್ಲ, ಒಳ್ಳೇದಾಯ್ತು’ ಎಂದಳು. ಎಂಟು ದಿನದ ಹಿಂದೆ ಈ ಮಾತನ್ನು ಹೇಳಿದ್ದರೆ ಡೈರಿಯಲ್ಲಿ ‘ಹರ್ಷಗೊಂಡಳು’ ಎಂದು ಬರೆದಿರುತ್ತಿದ್ದೆ.

ಮಾರ್ಚ್ 23, ಸೋಮವಾರ

‘ಮೆಷಿನ್ ಬೇಕಾದ್ರೆ ಹೊಡಿ, ನನಗೇನೂ ತೊಂದರೆ ಇಲ್ಲ’ ಎಂದೆ. ಜ್ವರವೇನಾದರೂ ಬಂದಿದೆಯೇ ಎನ್ನುವಂತೆ ಇವಳು ನನ್ನ ಮುಖ ನೋಡಿದಳು. ಒಂದು ಗಂಟೆ ಕಾದು, ಇನ್ನು ಬೈಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ದಿಂಬಿನ ಚೀಲ ಹೊಲಿದಳು. ಆಮೇಲೆ ನಿಲ್ಲಿಸಿದಳು. ನನಗೆ ತಲೆನೋವು ಬಂತು. ಇಡೀ ದಿನಕ್ಕೆ ಟೈಪ್ ಮಾಡಿದ್ದು ಎಂಟೇ ಪುಟ.

ಮಾರ್ಚ್ 25, ಬುಧವಾರ

ಮೂರು ದಿನದಿಂದ ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಮನೆಯೊಳಗೆ ಓಡಾಡುತ್ತಿದ್ದೇನೆ. ಮಗಳು ಓದುವ ಕಡೆ ಹೋಗಿ ನಿಲ್ಲುತ್ತೇನೆ. ಅವಳು ಪುಸ್ತಕ ಮುಚ್ಚುತ್ತಾಳೆ. ‘ಏನಾದ್ರೂ ಬೇಕಿತ್ತಾ ಅಪ್ಪ?’ ಎನ್ನುತ್ತಾಳೆ. ‘ನಿನಗೇನಾದ್ರೂ ಬೇಕಿತ್ತಾ?’ ಎನ್ನುತ್ತೇನೆ. ‘ಇಲ್ಲಪ್ಪ.’ ಇಬ್ಬರೂ ಸ್ವಲ್ಪ ಹೊತ್ತು ನಿಂತು ಬೇರೆ ಬೇರೆ ಕಡೆ ಹೋಗುತ್ತೇವೆ. ಇದಕ್ಕಿಂತ ಮಂಡಳಿಯ ಸಾಕ್ಷಿಗಳು ವಾಚಾಳಿಗಳು.

ಅವಳು ಕೇಳುವುದಿಲ್ಲ. ಸುಮ್ಮನಿದ್ದುಬಿಟ್ಟರೆ ಸೋಮವಾರ ತಾನಾಗಿ ದಾಟಿಹೋಗುತ್ತದೆ. ಫಾರಂ ಅಲ್ಲೇ ಹಳೆಯದಾಗುತ್ತದೆ, ಅವಳು ಈ ಮನೆಯಲ್ಲೇ ಇರುತ್ತಾಳೆ. ನನ್ನ ಮೇಲೆ ತಪ್ಪೂ ಬರುವುದಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲವೇ ಎನ್ನಬಹುದು.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನ ಸಾಕ್ಷಿಗಳು ಈ ಮಾತು ಹೇಳಿಲ್ಲ, ನಾನು ಟೈಪ್ ಮಾಡಿಲ್ಲ.

ಮಾರ್ಚ್ 28, ಶನಿವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೇಳಿದೆ: ‘ಫಾರಂ ಕೊಡು. ಸಹಿ ಹಾಕ್ತೀನಿ.’

ಮಗಳ ಕೈ ಬಾಯಿಯ ಹತ್ತಿರ ನಿಂತಿತು.

‘ಯಾವ ಫಾರಂ?’

‘ಹಾಸ್ಟೆಲಿಂದು.’

ಇವಳು ಅತ್ತೆಯ ಮುಖ ನೋಡಿದಳು. ಅತ್ತೆ ‘ನಾನು ಟೀ ಅಷ್ಟೇ ಕೇಳಿದ್ದು’ ಎಂದರು.

ಹೇಳಿದೆ. ಸಾಫ್ಟ್‌ವೇರು, ಮೈಕು, ಕೆಂಪು ಗುಂಡಿ, ದಫೇದಾರ, ನಿಯಮ. ನಿಯಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆನೆಂದು ಕಾಣುತ್ತದೆ, ನಡುವೆ ಮಗಳು ಎದ್ದು ನಿಂತಳು.

‘ಕದ್ದು ಕೇಳಿದ್ರಿ.’

‘ಕದ್ದಿಲ್ಲ. ಅದು ತಾನಾಗೇ...’

‘ಮುದ್ರಣ ಆಗಿದ್ದು ತಾನಾಗೇ. ಕೇಳಿದ್ದು?’ ಅವಳ ದನಿ ಏರಿತ್ತು. ನನ್ನೆದುರು ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ‘ಇಲ್ಲಿದ್ದಾಗ ಬಾಯಿ ಬಿಡೋ ಹಾಗಿಲ್ಲ. ನೀವಿಲ್ಲದಾಗ ಆಡಿದ್ದನ್ನೂ ಬಿಡ್ಲಿಲ್ಲ. ಇನ್ನೆಲ್ಲಿ ಮಾತಾಡಬೇಕು ನಾವು?’

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಜೋರಾಗಿ ಹಾಕಿಕೊಂಡಳು.

ಇವಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೇಳಿದಳು: ‘ಎಷ್ಟು ಹೊತ್ತು ಕೇಳಿದ್ರಿ?’

‘ಹನ್ನೊಂದು ಗಂಟೆ.’

‘ಸಾಕು, ನಿಲ್ಲಿಸೋಣ ಅನ್ನಿಸ್ಲಿಲ್ವಾ?’

‘ಇಲ್ಲ.’

‘ಯಾಕೆ?’

‘ಚೆನ್ನಾಗಿತ್ತು’ ಎಂದೆ. ಅದು ನಿಜ. ಬೇರೆ ಏನು ಹೇಳಲೂ ತೋಚಲಿಲ್ಲ.

ಅವಳು ತಟ್ಟೆಗಳನ್ನು ಎತ್ತಿಕೊಂಡಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅಡುಗೆಮನೆಗೆ ಹೋದಳು.

ಮಾರ್ಚ್ 29, ಭಾನುವಾರ

ಮುದ್ರಣಗಳನ್ನೆಲ್ಲ ಅಳಿಸಿಬಿಡುತ್ತೇನೆ ಎಂದೆ. ಅತ್ತೆ ಮಾತ್ರ ತಮ್ಮ ಹಾಡನ್ನು ಒಂದು ಸಲ ಕೇಳಬೇಕೆಂದರು. ಹೆಡ್‌ಫೋನ್ ಕೊಟ್ಟೆ. ಕೇಳಿ ಮುಖ ಸಿಂಡರಿಸಿ, ‘ಇಷ್ಟು ಕೆಟ್ಟದಾಗಿ ಹಾಡ್ತೀನಾ? ಅಳಿಸಿ, ಅಳಿಸಿ’ ಎಂದರು. ಅಳಿಸಿದೆ.

ಇವಳು ಮಾತಾಡಿಲ್ಲ. ಆದರೆ ಬೆಳಿಗ್ಗೆಯಿಂದ ಮೆಷಿನ್ ಹೊಡೆಯುತ್ತಿದ್ದಾಳೆ, ನನ್ನನ್ನು ಕೇಳದೆ. ತಲೆಯೊಳಗೇ ಹೊಲಿದಂತಾಗುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡು ಕೂತೆ.

ಮಾರ್ಚ್ 30, ಸೋಮವಾರ

ಎಂಟು ಗಂಟೆಗೆ ಮಗಳು ಬೀರುವಿನ ಈಚೆಗೆ ಬಂದಳು. ಫಾರಂ ಅನ್ನು ಮೇಜಿನ ಮೇಲಿಟ್ಟು, ಎಲ್ಲಿ ಸಹಿ ಎಂದು ಬೆರಳಿನಿಂದ ತೋರಿಸಿದಳು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ನಾನು ಓದದೆ ಸಹಿ ಹಾಕುವವನಲ್ಲ. ಮೇಲಿನಿಂದ ಓದುತ್ತ ಬಂದೆ. ಹೆಸರು, ತರಗತಿ, ರಕ್ತದ ಗುಂಪು. ‘ಹಾಸ್ಟೆಲ್ ಬಯಸಲು ಕಾರಣ’ ಎಂಬ ಕಡೆ ಒಂದು ಸಾಲನ್ನು ಗೀಚಿ ಹೊಡೆದುಹಾಕಿ, ಕೆಳಗೆ ಹೊಸದಾಗಿ ಬರೆದಿತ್ತು:

‘ಮನೆ ಚಿಕ್ಕದು. ಮನೆಮಂದಿಯೆಲ್ಲ ಸದಾ ಮಾತು, ನಗು, ಗದ್ದಲ. ಓದಲು ಆಗುವುದಿಲ್ಲ.’

ಎರಡು ಸಲ ಓದಿದೆ.

‘ಇದು ನಿಜ ಅಲ್ವಲ್ಲ’ ಎಂದೆ.

‘ನಿಜಾನೇ ಬರೆದಿದ್ದೆ. ಅಮ್ಮ ಹೊಡೆದುಹಾಕಿಸಿದ್ಲು.’

‘ಯಾಕೆ?’

‘ನೀವು ಓದದೆ ಸಹಿ ಹಾಕಲ್ವಲ್ಲ. ಓದಿದ್ರೆ ನಿಮಗೆ ನೋವಾಗತ್ತೆ ಅಂದ್ಲು.’

ಬೀರುವಿನ ಆಚೆ ಮೆಷಿನ್ ಸದ್ದು ನಿಂತಿತ್ತು. ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದರೆ ಓದಬಹುದಿತ್ತು. ನಾನು ಹಿಡಿಯಲಿಲ್ಲ. ಸಹಿ ಹಾಕಿ ಕೊಟ್ಟೆ.